ಹದಿಹರೆಯದ ಹಾಡಿನಿಂದ ಆಚೆಗೆ: ನಮ್ಮ ಬ್ಯಾಂಡಿನ ದನಿ ಮಾಗಬೇಕಾದರೆ ಏನು ಮಾಡಬೇಕು? (ಅನುಭವ ಹಂಚಿಕೆ)

ಕೇಳಿಕೆ: ಮೈಸೂರಿನ ಗಾಯಕ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಬ್ಯಾಂಡ್ ಕಟ್ಟಿಕೊಂಡೆವು. ನಮ್ಮ ಡ್ರಮ್ಮರ್‌ನ ಮನೆಯ ಹಿಂದಿನ ಕಾರ್ ಶೆಡ್ಡೇ ಅಂದಿನಿಂದ ಇಂದಿನವರೆಗೂ ನಮ್ಮ ಅಭ್ಯಾಸದ ಜಾಗ. ಪರೀಕ್ಷೆಯ ಹಿಂದಿನ ರಾತ್ರಿಯನ್ನು ಕುರಿತು 14ನೆಯ ವಯಸ್ಸಿನಲ್ಲಿ ನಾನು ಬರೆದ ಕುಣಿತದ ಹಾಡೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಮೂರು ವರ್ಷಗಳ ಕಾಲ ನಮ್ಮನ್ನು ಕಾಲೇಜು ಉತ್ಸವಗಳ ವೇದಿಕೆಗಳಿಗೆ ಕರೆದೊಯ್ದಿತು. ಈಗ ನಮಗೆಲ್ಲ 19 ತುಂಬಿದೆ. ನಾವು ಕೇಳುವ ಸಂಗೀತವೂ ಬದುಕಿನಲ್ಲಿ ಕಂಡದ್ದೂ ಬದಲಾಗಿರುವುದರಿಂದ ಹಾಡುಗಳೂ ಅದಕ್ಕೆ ತಕ್ಕಂತೆ ಮಾಗಬೇಕೆಂಬುದು ನಮ್ಮ ಆಸೆ.

ಕಳೆದ ತಿಂಗಳು ಒಂದು ಉತ್ಸವದಲ್ಲಿ, ಅಜ್ಜಿ ತೀರಿಕೊಂಡ ಮೇಲೆ ಬರೆದ ಹೊಸ ಹಾಡನ್ನು ಶುರುಮಾಡಿದೆವು. ಎರಡನೆಯ ಚರಣ ಮುಗಿಯುವ ಮೊದಲೇ ಮುಂದಿನ ಸಾಲಿನವರು ಹಳೆಯ ಹಾಡಿನ ಹೆಸರನ್ನು ಕೂಗತೊಡಗಿದ್ದರಿಂದ ಹೊಸದನ್ನು ಅರ್ಧಕ್ಕೆ ಬಿಟ್ಟು ಹಳೆಯದನ್ನೇ ಹಿಡಿಯಬೇಕಾಯಿತು. ಅದರ ಪಲ್ಲವಿ ಈಗ ನನ್ನ ಗಂಟಲಿಗೆ ಎಟುಕುವುದಿಲ್ಲ. ದನಿ ಅಲ್ಲಿಯೂ ಒಡೆಯಿತು. ನಮ್ಮ ಕಾರ್ಯಕ್ರಮಗಳನ್ನು ಗೊತ್ತುಮಾಡುವವರು ಕಪ್ಪು ಬಟ್ಟೆ ಹಾಕಿಕೊಳ್ಳಿ, ಸಿಟ್ಟಿನ ಹಾಡು ಬರೆಯಿರಿ, ಆಗ ತಾನಾಗಿಯೇ ದೊಡ್ಡವರಂತೆ ಕಾಣುತ್ತೀರಿ ಎನ್ನುತ್ತಾರೆ. ಹಳೆಯ ಹಾಡನ್ನು ಪೂರ್ತಿ ಕೈಬಿಡಬೇಕೇ? ಬೇರೆಯವರಿಂದ ಹಾಡು ಬರೆಸಬೇಕೇ? ಕೇಳಿದವರಿಗೆ ಬದಲಾವಣೆ ಗೊತ್ತಾಗುವಂತೆ, ಆದರೆ ಸುಳ್ಳೆನಿಸದಂತೆ ದನಿಯನ್ನು ಹೇಗೆ ಬದಲಿಸಬೇಕು? ಈ ದಾರಿಯಲ್ಲಿ ನಡೆದವರು, ಅಥವಾ ನಡೆದವರನ್ನು ಹತ್ತಿರದಿಂದ ಬಲ್ಲವರು, ದಯವಿಟ್ಟು ತಿಳಿಸಿಕೊಡಿ.

ಡಲ್ಲಾಸ್‌ನಿಂದ, ದಾವಣಗೆರೆಯ ಕೇಳುಗರೊಬ್ಬರು

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಹ್ಯಾನ್ಸನ್ ಎಂಬ ಅಮೆರಿಕದ ಬ್ಯಾಂಡಿನ ಸಹೋದರರು ನೆನಪಾದರು. ನಾನು ಬ್ಯಾಂಡ್ ಕಟ್ಟಿದವಳಲ್ಲ, ಆದರೆ ಅವರನ್ನು 1997ರ ಮಳೆಗಾಲದಿಂದ, ಅಂದರೆ ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದ ದಿನಗಳಿಂದ, ಬಿಡದೆ ಕೇಳಿಕೊಂಡು ಬಂದವಳು. ಅವರು ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನವರು. ಐಸಾಕ್, ಟೇಲರ್ ಮತ್ತು ಜ್ಯಾಕ್ ಎಂಬ ಮೂವರು ಅಣ್ಣತಮ್ಮಂದಿರು. 'ಉಮ್‌ಬಾಪ್' ಎಂಬ ಹಾಡು ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಮೊದಲ ಸ್ಥಾನಕ್ಕೇರಿದಾಗ ಅವರಿಗೆ ಕ್ರಮವಾಗಿ 16, 14 ಮತ್ತು 11 ವರ್ಷ. ಮರುವರ್ಷ ಮೂರು ಗ್ರ್ಯಾಮಿ ನಾಮನಿರ್ದೇಶನಗಳೂ ಬಂದವು. ಕೂದಲು ಇಳಿಬಿಟ್ಟ ಚೆಲುವ ಹುಡುಗರೆಂದು ಜಗತ್ತು ಅವರನ್ನು ನೋಡಿತೇ ಹೊರತು, ಆ ಹಾಡನ್ನು ಬರೆದವರೂ ಅವರೇ, ನುಡಿಸುವವರೂ ಅವರೇ ಎಂಬುದನ್ನು ಬಹಳ ಜನ ಗಮನಿಸಲಿಲ್ಲ.

ನಿಮಗೆ ಮುಖ್ಯವಾಗಿ ತಿಳಿಸಬೇಕಾದ ಸಂಗತಿ ಆ ಹಾಡಿನ ಹುಟ್ಟಿನಲ್ಲಿಯೇ ಇದೆ. ದೊಡ್ಡ ಕಂಪನಿಯ ಕಣ್ಣಿಗೆ ಬೀಳುವ ಮುಂಚೆ, 1996ರಲ್ಲಿ, ಅವರು ಊರಿನಲ್ಲಿಯೇ ಮಾಡಿಕೊಂಡಿದ್ದ ಧ್ವನಿಮುದ್ರಣದಲ್ಲಿ ಅದೇ ಹಾಡು ಇನ್ನೂ ನಿಧಾನವಾಗಿ, ಹೆಚ್ಚು ವಿಷಾದದ ಛಾಯೆಯಲ್ಲಿ ಇತ್ತು. ಕುಣಿಸುವ ವೇಗ ಬಂದದ್ದು ಆಮೇಲೆ, ನಿರ್ಮಾಪಕರ ಕೈಯಲ್ಲಿ. ಮಾತುಗಳನ್ನು ಗಮನವಿಟ್ಟು ಕೇಳಿದರೆ, ಬದುಕಿನಲ್ಲಿ ಬರುವ ನಂಟುಗಳಲ್ಲಿ ಹೆಚ್ಚಿನವು ಕಣ್ಣು ಮಿಟುಕಿಸುವಷ್ಟರಲ್ಲಿ ಕಳಚಿಹೋಗುತ್ತವೆ, ಮುಪ್ಪಿನಲ್ಲಿ ಜೊತೆಗೆ ಉಳಿಯುವವರು ಯಾರೆಂದು ಈಗಲೇ ನೋಡಿಕೊಳ್ಳಬೇಕು ಎಂಬ ಮಾತು ಅದರಲ್ಲಿದೆ. ಹದಿನಾಲ್ಕರ ಹುಡುಗ ಹಾಡಿದ್ದರೂ ಅದು ಎಳಸು ಹಾಡಾಗಿರಲಿಲ್ಲ. ಎಳಸಾಗಿ ಕೇಳಿಸುತ್ತಿತ್ತು, ಅಷ್ಟೆ. ಆದ್ದರಿಂದ ನಿಮ್ಮ ಪರೀಕ್ಷೆಯ ರಾತ್ರಿಯ ಹಾಡನ್ನು ಎಸೆಯುವ ಮುನ್ನ ಅದರ ಒಳಗೆ ನಿಜವಾಗಿ ಏನಿದೆ ಎಂದು ಒಮ್ಮೆ ಕೂತು ನೋಡಿ.

ಇನ್ನು ಅವರು ಮಾಗಿದ ಬಗೆ. ಸ್ವಂತ ಹಾಡುಗಳ ಎರಡನೆಯ ದೊಡ್ಡ ಆಲ್ಬಮ್ 'ದಿಸ್ ಟೈಮ್ ಅರೌಂಡ್' ಬಂದದ್ದು 2000ದ ಮೇ ತಿಂಗಳಲ್ಲಿ. ನಡುವಿನ ಮೂರು ವರ್ಷಗಳಲ್ಲಿ ಟೇಲರ್‌ನ ದನಿ ಇಳಿದು ತುಸು ಒರಟಾಗಿತ್ತು. ಗಿಟಾರ್ ಮುಂದೆ ಬಂದಿತ್ತು. ಬ್ಲೂಸ್ ಗಿಟಾರ್ ವಾದಕ ಜಾನಿ ಲ್ಯಾಂಗ್ ಮತ್ತು ಹಾರ್ಮೋನಿಕಾ ವಾದಕ ಜಾನ್ ಪಾಪರ್ ಬಂದು ನುಡಿಸಿದ್ದರು. ನನ್ನ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಎಷ್ಟೋ ಮೇಲಾದ ಕೆಲಸ. ಆದರೂ ಮಾರಾಟದಲ್ಲಿ ಅದು ಮೊದಲನೆಯದರ ಹತ್ತಿರಕ್ಕೂ ಬರಲಿಲ್ಲ. ಹಳೆಯ ಅಭಿಮಾನಿಗಳಲ್ಲಿ ಅನೇಕರು ಬೇರೆ ಗುಂಪುಗಳತ್ತ ಹೊರಳಿದ್ದರು. ಇಂಥ ಸಂಗೀತವನ್ನು ಮೆಚ್ಚಬಹುದಾಗಿದ್ದ ದೊಡ್ಡವರು, ಹೆಸರು ನೋಡಿಯೇ, ಅದು ಮಕ್ಕಳ ಬ್ಯಾಂಡ್ ಅಲ್ಲವೇ ಎಂದು ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ಈ ನಡುಗಾಲದ ಒಂಟಿತನಕ್ಕೆ ನೀವು ಈಗಲೇ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಬೇಕು ಎಂದು ನಾನು ಕಾಳಜಿಯಿಂದ ಹೇಳುತ್ತಿದ್ದೇನೆ, ಏಕೆಂದರೆ ಎಷ್ಟೋ ಬ್ಯಾಂಡುಗಳು ಅಲ್ಲಿಯೇ ಮುರಿದುಬೀಳುತ್ತವೆ.

ಇವರು ಮುರಿಯಲಿಲ್ಲ. ಅಷ್ಟರಲ್ಲಿ ಧ್ವನಿಮುದ್ರಣ ಕಂಪನಿಗಳು ಒಂದರಲ್ಲೊಂದು ವಿಲೀನವಾಗಿ, ಇವರನ್ನು ಕರೆತಂದಿದ್ದ ಮರ್ಕ್ಯುರಿಯ ಬದಲು ಐಲೆಂಡ್ ಡೆಫ್ ಜಾಮ್ ಎಂಬ ಬೇರೆಯೇ ಸಂಸ್ಥೆಯ ಕೈಕೆಳಗೆ ಬಂದಿದ್ದರು. ಮೂರನೆಯ ಆಲ್ಬಮ್ಮಿಗೆಂದು ಬರೆದ ಹಾಡುಗಳು ಒಂದರ ಹಿಂದೊಂದು ತಿರಸ್ಕೃತವಾದವು. ಈ ಹಗ್ಗಜಗ್ಗಾಟವನ್ನು ಅವರೇ ಸಾಕ್ಷ್ಯಚಿತ್ರವಾಗಿ ದಾಖಲಿಸಿದ್ದಾರೆ. ಕೊನೆಗೆ ಕಂಪನಿಯಿಂದ ಹೊರಬಂದು '3ಸಿಜಿ ರೆಕಾರ್ಡ್ಸ್' ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಮೂರು ಕಾರು ನಿಲ್ಲಿಸುವ ಗ್ಯಾರೇಜು ಎಂಬುದು ಆ ಹೆಸರಿನ ಬಿಡಿಸಿದ ರೂಪ, ಹುಡುಗರಾಗಿದ್ದಾಗ ಅವರು ಅಭ್ಯಾಸ ಮಾಡುತ್ತಿದ್ದ ಜಾಗದ ನೆನಪು. ನಿಮ್ಮ ಕಾರ್ ಶೆಡ್ಡಿನ ಮಾತು ಓದಿ ನನಗೆ ಇದನ್ನು ಬರೆಯಲೇಬೇಕೆನಿಸಿತು. 2004ರಲ್ಲಿ ಬಂದ 'ಅಂಡರ್‌ನೀತ್' ಸ್ವತಂತ್ರ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಮೊದಲ ಯಶಸ್ಸಿನಿಂದ ಅಲ್ಲಿಗೆ ಏಳು ವರ್ಷ ಹಿಡಿಯಿತು.

ಹಳೆಯ ಹಾಡನ್ನು ಬಿಡಬೇಕೇ ಎಂದಿರಿ. ಅವರು ಬಿಡಲಿಲ್ಲ. ಇಲ್ಲಿಗೆ ಬಂದ ಮೇಲೆ ನಾನು ಅವರ ಕಾರ್ಯಕ್ರಮವೊಂದಕ್ಕೆ ಹೋಗಿದ್ದೆ. ಮೂಲಕ್ಕಿಂತ ತಗ್ಗಿದ ಶ್ರುತಿಯಲ್ಲಿ, ಬೆಳೆದ ಗಂಡಸರ ದನಿಯಲ್ಲಿ ಅವರು ಅದನ್ನು ಹಾಡಿದರು. ಅದರ ಆಸುಪಾಸಿನಲ್ಲಿಯೇ ಹೊಸ ಹಾಡುಗಳನ್ನೂ ಇಟ್ಟಿದ್ದರಿಂದ ಹಳೆಯದನ್ನು ಕೇಳಿ ಹಿಗ್ಗಿದ ಜನ ಹೊಸದಕ್ಕೂ ಕಿವಿಗೊಟ್ಟು ನಿಂತರು. ನನ್ನ ಪಕ್ಕದಲ್ಲಿ ನಲವತ್ತರ ಹೆಂಗಸೊಬ್ಬರು ಮಗಳಿಗೆ ಪಲ್ಲವಿಯ ಅಕ್ಷರಗಳನ್ನು ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಮೊದಲು ಒಲಿದು ಬಂದ ಕೇಳುಗರನ್ನು ನಾಚಿಕೆಯ ವಸ್ತುವಿನಂತೆ ನೋಡಬೇಡಿ.

ಶಿವಮೊಗ್ಗದ ಸುಗಮ ಸಂಗೀತ ಶಿಕ್ಷಕಿ

ಪ್ರೀತಿಯ ಹುಡುಗರೇ, ಬೇರೆಲ್ಲಕ್ಕಿಂತ ಮೊದಲು ಗಂಟಲಿನ ಮಾತು. ಹದಿಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವುದರಿಂದ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಒಂದು 'ಸ'ದಿಂದ ಮುಂದಿನ 'ಸ'ವರೆಗಿನಷ್ಟು, ಕೆಳಗಿಳಿಯುತ್ತದೆ. ಹುಡುಗಿಯರಲ್ಲಿಯೂ ಬದಲಾವಣೆ ಇದ್ದೇ ಇದೆ, ಆದರೆ ಬಹಳ ಕಡಿಮೆ. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯನ್ನು 'ಸ' ಎಂದಿಟ್ಟುಕೊಂಡು) ಲೀಲಾಜಾಲವಾಗಿ ಹಾಡುತ್ತಿದ್ದ ಹುಡುಗ ಒಂದೆರಡು ವರ್ಷಗಳಲ್ಲಿ ಒಂದೂವರೆ, ಎರಡು ಮನೆಗೆ ಬಂದು ನಿಲ್ಲುವುದನ್ನು ನಾನು ತರಗತಿಯಲ್ಲಿ ಪ್ರತಿವರ್ಷ ಕಾಣುತ್ತೇನೆ. ದನಿ ಇಳಿದದ್ದು ನಿಮ್ಮ ತಪ್ಪೂ ಅಲ್ಲ, ನಷ್ಟವೂ ಅಲ್ಲ. ಹದಿನಾಲ್ಕರ ಗಂಟಲಿಗೆಂದು ಕಟ್ಟಿದ ಪಲ್ಲವಿಯನ್ನು ಹತ್ತೊಂಬತ್ತರ ಗಂಟಲಿನಿಂದ ಅದೇ ಎತ್ತರದಲ್ಲಿ ಹೊರಡಿಸಲು ಹೋಗುವುದೇ ಅಪಾಯ. ಹಾಗೆ ಕಿರುಚಿ ಹಾಡಿದವರಿಗೆ ಧ್ವನಿತಂತುಗಳ ಮೇಲೆ ಗಂಟುಗಳಾಗಿ ತಿಂಗಳುಗಟ್ಟಲೆ ಮೌನವಿರಬೇಕಾಗಿ ಬಂದದ್ದೂ ಉಂಟು.

ಶ್ರುತಿ ಇಳಿಸುವುದೆಂದರೆ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದಷ್ಟು ಸುಲಭವೆಂದು ತಿಳಿಯಬೇಡಿ. ಪಲ್ಲವಿಯ ತಾರಷಡ್ಜ (ಮೇಲಿನ 'ಸ') ಎಟುಕುವ ಹಾಗೆ ಇಳಿಸಿದರೆ ಚರಣದ ಮೊದಲ ಸಾಲು ಮಂದ್ರಕ್ಕೆ (ಕೆಳಗಿನ ಸ್ಥಾಯಿಗೆ) ಬಿದ್ದು ಮಾತೇ ಕೇಳಿಸದಂತಾಗಬಹುದು. ಅಂಥ ಕಡೆ ಚರಣದ ಧಾಟಿಯನ್ನೇ ಸ್ವಲ್ಪ ತಿದ್ದಿಕೊಳ್ಳಿ. ಹಾಡು ನಿಮ್ಮದೇ ಆದ್ದರಿಂದ ಯಾರ ಅಪ್ಪಣೆಯೂ ಬೇಕಾಗಿಲ್ಲ. ನಾಲ್ವರಲ್ಲಿ ಮೇಲುದನಿ ಇರುವವರು ಇನ್ನೊಬ್ಬರಿದ್ದರೆ ಪಲ್ಲವಿಯ ಎತ್ತರದ ಸಾಲನ್ನು ಅವರಿಗೆ ಕೊಟ್ಟು ನೀವು ಕೆಳಗಿನ ಸ್ವರವನ್ನು ಹಿಡಿಯಿರಿ. ಬೆಳಗ್ಗೆ ಅರ್ಧ ಗಂಟೆ ಮಂದ್ರಸ್ಥಾಯಿಯಲ್ಲಿ 'ಆ' ಎಂದು ಎಳೆದು ಹಾಡುವ ಅಕಾರ ಸಾಧನೆ ಮಾಡಿ, ಒಂದೊಂದು ಸ್ವರದ ಮೇಲೂ ಉಸಿರು ಇರುವಷ್ಟು ಹೊತ್ತು ನಿಲ್ಲಿ. ಹೊಸ ದನಿಯ ತಳ ಯಾವುದೆಂದು ನಿಮಗೇ ಗೊತ್ತಾಗಬೇಕು. ಹೊಸ ಹಾಡುಗಳನ್ನು ಆ ತಳದ ಮೇಲೆ ಕಟ್ಟಬೇಕು.

ಹುಬ್ಬಳ್ಳಿಯಿಂದ, ಹಿಂದೆ ಡ್ರಮ್ಸ್ ನುಡಿಸುತ್ತಿದ್ದವರು

ನಿಮ್ಮ ಕಾರ್ಯಕ್ರಮ ಗೊತ್ತುಮಾಡುವವರು ಕೊಟ್ಟ ಸಲಹೆಯನ್ನೇ ಹದಿನೈದು ವರ್ಷದ ಹಿಂದೆ ನಮಗೂ ಒಬ್ಬರು ಕೊಟ್ಟಿದ್ದರು, ನಾವು ಅದನ್ನು ಅಕ್ಷರಶಃ ಪಾಲಿಸಿದೆವು. ಹಳೆಯ ಹಾಡುಗಳನ್ನೆಲ್ಲ ಒಂದೇ ದಿನ ಕೈಬಿಟ್ಟು, ಕಪ್ಪು ಅಂಗಿ ತೊಟ್ಟು, ಗಿಟಾರುಗಳನ್ನು ಭಾರವಾಗಿಸಿ, ನಮ್ಮ ಬದುಕಿನಲ್ಲಿ ಇರದಿದ್ದ ಸಿಟ್ಟಿನ ಬಗ್ಗೆ ಹಾಡು ಬರೆದೆವು. ನಮ್ಮ ಗಾಯಕನಿಗೆ ಆ ಗರ್ಜಿಸುವ ದನಿ ಒಗ್ಗಲಿಲ್ಲ. ಬೇಸ್ ನುಡಿಸುವವನಿಗೆ ಹಳೆಯ ಹಾಡುಗಳೇ ಇಷ್ಟವೆಂಬುದು ನಮಗೆ ತಿಳಿದದ್ದು ಅವನು ಬ್ಯಾಂಡ್ ಬಿಟ್ಟು ಹೋದ ದಿನ. ಎಂಟು ತಿಂಗಳಲ್ಲಿ ಎಲ್ಲ ಮುಗಿಯಿತು. ನನಗೆ ಇಂದಿಗೂ ನೋವಿರುವುದು ಜನ ನಮ್ಮನ್ನು ಒಪ್ಪಲಿಲ್ಲವೆಂಬುದಕ್ಕಲ್ಲ; ಯಾವ ಸಂಗೀತ ಮಾಡಬೇಕೆಂದು ನಾವು ನಾಲ್ವರು ಒಂದು ಸಂಜೆಯಾದರೂ ಎದುರುಬದುರು ಕೂತು ಮಾತಾಡಲಿಲ್ಲ ಎಂಬುದಕ್ಕೆ. ನೀವು ಮಾತಾಡಿದ್ದೀರಾ? "ನಮ್ಮ ಆಸೆ" ಎಂದು ಬರೆದಿದ್ದೀರಿ, ಅದು ನಾಲ್ವರದೂ ಹೌದೇ ಎಂದು ಮೊದಲು ಕೇಳಿಕೊಳ್ಳಿ.

ಬೆಂಗಳೂರಿನ ಧ್ವನಿಮುದ್ರಣ ತಂತ್ರಜ್ಞ

ಶಿವಮೊಗ್ಗದ ಮೇಡಂ ಗಂಟಲಿನ ಬಗ್ಗೆ ಹೇಳಿದ್ದನ್ನು ನಾನು ವಾದ್ಯ ಮತ್ತು ಮುದ್ರಣದ ಕಡೆಯಿಂದ ಮುಂದುವರಿಸುತ್ತೇನೆ. ಹದಿಹರೆಯದ ಪಾಪ್ ಎಂದು ಕಿವಿಗೆ ತಕ್ಷಣ ಗೊತ್ತಾಗುವುದು ಕೆಲವು ನಿರ್ದಿಷ್ಟ ಅಭ್ಯಾಸಗಳಿಂದ. ನಿಮಿಷಕ್ಕೆ 120ರಿಂದ 130 ಬಡಿತದ ವೇಗ, ಪಲ್ಲವಿಯಲ್ಲಿ ಒಂದರ ಮೇಲೊಂದು ಹೇರಿದ ನಾಲ್ಕೈದು ದನಿಗಳು, ಮೇಲಿನ ಆವರ್ತನಗಳನ್ನು ಎತ್ತಿ ಹೊಳಪುಗೊಳಿಸಿದ ಶಬ್ದ, ಗೆರೆ ಎಳೆದಂತೆ ಸರಿಪಡಿಸಿದ ಶ್ರುತಿ ಮತ್ತು ತಾಳ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕ್ಷಣವೂ ಬರಿದಾಗಿರಬಾರದೆಂಬ ಆತಂಕ. ಎರಡು ಸಾಲುಗಳ ನಡುವೆ ಜಾಗ ಸಿಕ್ಕರೆ ಚಪ್ಪಾಳೆ, ಕೂಗು, ಕೀಬೋರ್ಡಿನ ತುಣುಕು ಬಂದು ಕೂರುತ್ತದೆ. ಮಾಗಿದ ದನಿಯೆಂದರೆ ಗಿಟಾರಿಗೆ ಇನ್ನಷ್ಟು ಡಿಸ್ಟಾರ್ಷನ್ (ಒಡೆದಂಥ ಒರಟು ಸದ್ದು) ಸೇರಿಸುವುದಲ್ಲ. ಆ ಜಾಗಗಳನ್ನು ಖಾಲಿ ಬಿಡುವ ಧೈರ್ಯದಿಂದಲೇ ಬದಲಾವಣೆಯ ಬಹುಪಾಲು ಬರುತ್ತದೆ ಎಂಬುದು ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ ನಿಮ್ಮ ವಯಸ್ಸಿನ ಒಂದು ಗುಂಪು ನನ್ನ ಬಳಿಗೆ ಬಂದಿತ್ತು. ಅವರ ಹಾಡು 126ರ ವೇಗದಲ್ಲಿತ್ತು. ಕೀಬೋರ್ಡ್ ಮುಚ್ಚಿಸಿ, ಒಂದು ಗಿಟಾರ್ ಮತ್ತು ಒಂದೇ ದನಿಯಲ್ಲಿ, 96ರ ವೇಗದಲ್ಲಿ ಹಾಡಿಸಿದೆ. ಮೊದಲ ಚರಣ ಚೆನ್ನಾಗಿಯೇ ಬಂತು. ಎರಡನೆಯ ಚರಣದ ಮೂರನೆಯ ಸಾಲಿಗೆ ಬಂದಾಗ ಹುಡುಗ ತಾನಾಗಿಯೇ ನಿಂತುಬಿಟ್ಟ. ಆ ಸಾಲನ್ನು ಅವನು ಪ್ರಾಸಕ್ಕಾಗಿ ತುಂಬಿದ್ದ. ವೇಗದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ನಿಧಾನವಾದಾಗ ಅವನಿಗೇ ಅದನ್ನು ಉಚ್ಚರಿಸಲು ಮನಸ್ಸು ಬರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ತೆಗೆದುಕೊಂಡು ಬೇರೆ ಸಾಲು ಬರೆದು ತಂದ. ಆಮೇಲೆ ನಾವು ವೇಗವನ್ನು 108ಕ್ಕೆ ಏರಿಸಿದೆವು, ಡ್ರಮ್ಸ್ ಮತ್ತೆ ಬಂತು, ಆದರೆ ಹಾಡು ಮೊದಲಿನ ಹಾಡಾಗಿ ಉಳಿದಿರಲಿಲ್ಲ. ನಿಮ್ಮ ಪ್ರತಿಯೊಂದು ಹಾಡಿಗೂ ಈ ಪರೀಕ್ಷೆಯನ್ನು ಮಾಡಿ ನೋಡಿ.

ಮುದ್ರಿಸುವಾಗ ಒಬ್ಬೊಬ್ಬರಾಗಿ ಬೇರೆ ಬೇರೆ ದಿನ ನುಡಿಸಿ ಜೋಡಿಸುವ ಬದಲು ನಾಲ್ವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ. ಶೆಡ್ಡಿನ ತಗಡಿನ ಗೋಡೆಗೆ ಹಳೆಯ ರಜಾಯಿ, ಕಂಬಳಿ ತೂಗುಹಾಕಿ, ಡ್ರಮ್ಸ್‌ಗೆ ಎರಡು ಮೈಕು, ಗಿಟಾರಿಗೊಂದು, ದನಿಗೊಂದು ಇಟ್ಟರೆ ಪ್ರಯೋಗಕ್ಕೆ ಧಾರಾಳವಾಗಿ ಸಾಕು. ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ಭಾವ ಕೂತಿದ್ದರೆ ಆ ಟೇಕನ್ನು ಉಳಿಸಿಕೊಳ್ಳಿ.

ಉಡುಪಿಯ ನಿವೃತ್ತ ಬ್ಯಾಂಕ್ ಅಧಿಕಾರಿ

ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಹ ನನ್ನ ಹವ್ಯಾಸ. ಡಲ್ಲಾಸ್‌ನ ಸಹೋದರಿ ಹೇಳಿದ ಕಥೆ ಚೆನ್ನಾಗಿದೆ, ಆದರೆ ಎಲ್ಲವನ್ನೂ ನಾವೇ ಮಾಡಿದರೆ ಮಾತ್ರ ಮಾಗಿದಂತೆ ಎಂಬ ಅರ್ಥವನ್ನು ಅದರಿಂದ ತೆಗೆಯಬಾರದು ಎಂದು ನನ್ನ ವಿನಂತಿ. ಇದಕ್ಕೆ ಮಂಕೀಸ್ ಎಂಬ ಗುಂಪಿನ ಉದಾಹರಣೆ ಕೊಡುತ್ತೇನೆ. 1966ರಲ್ಲಿ ಅಮೆರಿಕದ ಒಂದು ಟಿವಿ ಸರಣಿಗಾಗಿ ಆರಿಸಿದ ನಾಲ್ವರು ಅವರು. ವಯಸ್ಸಿನಲ್ಲಿ ಹದಿಹರೆಯ ದಾಟಿದ್ದರೂ ಅವರ ಅಭಿಮಾನಿಗಳು ಎಳೆಯರು. ಮೊದಲ ಎರಡು ಆಲ್ಬಮ್ಮುಗಳಲ್ಲಿ ಬಹುತೇಕ ವಾದ್ಯಗಳನ್ನು ಕೂಲಿಗೆ ಬಂದ ಸ್ಟುಡಿಯೋ ಕಲಾವಿದರು ನುಡಿಸಿದ್ದರು. ಗುಂಪಿನವರಿಗೆ ಇದು ನುಂಗಲಾಗದ ಅವಮಾನವಾಗಿ, ಸಂಗೀತದ ಮೇಲ್ವಿಚಾರಕರಾಗಿದ್ದ ಡಾನ್ ಕರ್ಷ್ನರ್ ಅವರೊಂದಿಗೆ ಜಟಾಪಟಿಯಾಗಿ, 1967ರ ಆರಂಭದಲ್ಲಿ ಕರ್ಷ್ನರ್ ಹೊರಹೋಗುವುದರೊಂದಿಗೆ ಅದು ಮುಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಾಲ್ವರೂ ತಾವೇ ನುಡಿಸಿದ 'ಹೆಡ್‌ಕ್ವಾರ್ಟರ್ಸ್' ಬಂತು. ಟಿವಿಗಾಗಿಯೇ ಡ್ರಮ್ಸ್ ಕಲಿತಿದ್ದ ಮಿಕಿ ಡೋಲೆಂಜ್ ಅದರಲ್ಲಿ ನಿಜವಾಗಿಯೂ ಕೂತು ನುಡಿಸಿದರು. ಅಲ್ಲಲ್ಲಿ ತಾಳ ಅಲುಗುವುದು ಇಂದಿಗೂ ಕೇಳುತ್ತದೆ, ಆ ಅಲುಗಾಟವೇ ನನಗೆ ಬಹಳ ಪ್ರಿಯ. ಅದು ಅಮೆರಿಕದ ಪಟ್ಟಿಯಲ್ಲಿ ಒಂದು ವಾರ ಮೊದಲ ಸ್ಥಾನದಲ್ಲಿದ್ದು, ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್ಸ್' ಬಂದ ಮೇಲೆ ಎರಡನೆಯ ಸ್ಥಾನಕ್ಕಿಳಿಯಿತು.

ಗಮನಿಸಬೇಕಾದದ್ದು ಆಮೇಲಿನದು. ಅದೇ ವರ್ಷದ ಕೊನೆಗೆ ಬಂದ ಮುಂದಿನ ಆಲ್ಬಮ್ಮಿನಲ್ಲಿ ಅವರು ಹೊರಗಿನ ಕಲಾವಿದರ ನೆರವನ್ನು ಮತ್ತೆ ಪಡೆದರು, ಹೊರಗಿನವರು ಬರೆದ ಹಾಡುಗಳನ್ನೂ ಹಾಡಿದರು. ಈ ಸಲ ಯಾರನ್ನು ಕರೆಯಬೇಕು, ಯಾವುದನ್ನು ಹಾಡಬೇಕು ಎಂಬುದರಲ್ಲಿ ಅವರ ಮಾತೂ ನಡೆಯುತ್ತಿತ್ತು. ಆದ್ದರಿಂದ ಒಳ್ಳೆಯ ಕವಿಯೊಬ್ಬರ ಸಾಲು ನಿಮ್ಮ ರಾಗಕ್ಕೆ ಹೊಂದಿದರೆ ಸಂಕೋಚವಿಲ್ಲದೆ ಅನುಮತಿ ಕೇಳಿ ಹಾಡಿ. ಕನ್ನಡದಲ್ಲಿ ಕವಿ ಬರೆದದ್ದನ್ನು ಮತ್ತೊಬ್ಬರು ಹಾಡುವ ಭಾವಗೀತೆಯ ಪರಂಪರೆ ಇರುವಾಗ, ಬೇರೆಯವರ ಮಾತನ್ನು ಹಾಡಿದರೆ ಸಣ್ಣವರಾಗುತ್ತೇವೆ ಎಂದುಕೊಳ್ಳಬೇಕಾಗಿಲ್ಲ.

ಬೆಂಗಳೂರಿನ ವಕೀಲರು, ಒಬ್ಬ ಗಿಟಾರ್ ಹುಡುಗಿಯ ತಾಯಿ

ಸಂಗೀತದ ಮಾತನ್ನು ಬಲ್ಲವರು ಹೇಳಿದ್ದಾರೆ. ನಾನು ಕಾಗದಪತ್ರದ ಮಾತನ್ನು ಹೇಳುತ್ತೇನೆ, ಏಕೆಂದರೆ ಮಾಗುವ ಸ್ವಾತಂತ್ರ್ಯ ಕೊನೆಗೆ ಅದನ್ನೇ ಅವಲಂಬಿಸಿದೆ. ಅಮೆರಿಕದ ಜಾಕ್ಸನ್ 5 ಗುಂಪಿನ ಸಹೋದರರು ಹುಡುಗರಾಗಿದ್ದಾಗ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಲ್ಲಿ ಒಂದರ ಮೇಲೊಂದು ಗೆಲುವು ಕಂಡವರು. ಆದರೆ ತಮ್ಮ ಹಾಡುಗಳನ್ನು ತಾವೇ ಬರೆದು ನಿರ್ಮಿಸಬೇಕೆಂಬ ಆಸೆಗೆ ಅಲ್ಲಿ ಜಾಗವಿರಲಿಲ್ಲ. 1975ರಲ್ಲಿ ಎಪಿಕ್ ಸಂಸ್ಥೆಗೆ ಹೊರಡಲು ನಿಂತಾಗ, ಜಾಕ್ಸನ್ 5 ಎಂಬ ಹೆಸರೇ ಮೋಟೌನ್‌ಗೆ ಉಳಿಯಿತು. ಅವರು 'ದಿ ಜಾಕ್ಸನ್ಸ್' ಆದರು. ಮೋಟೌನ್ ಸ್ಥಾಪಕರ ಅಳಿಯನಾಗಿದ್ದ ಜರ್ಮೇನ್ ಅಲ್ಲಿಯೇ ಉಳಿದರು, ಕಿರಿಯ ತಮ್ಮ ರ‍್ಯಾಂಡಿ ಗುಂಪಿಗೆ ಬಂದರು. ಹೊಸ ಮನೆಯಲ್ಲಿಯೂ ಮೊದಲ ಎರಡು ಆಲ್ಬಮ್ಮುಗಳನ್ನು ಫಿಲಡೆಲ್ಫಿಯಾದ ಗ್ಯಾಂಬಲ್ ಮತ್ತು ಹಫ್ ಎಂಬ ನುರಿತ ಜೋಡಿಯ ಹತ್ತಿರ ಮಾಡಿದರು. ತಮ್ಮ ಹಾಡುಗಳಿಗೆ ಅಲ್ಲಿ ಸಿಕ್ಕಿದ್ದು ಸ್ವಲ್ಪವೇ ಜಾಗ. ತಾವೇ ನಿರ್ಮಿಸಿದ 'ಡೆಸ್ಟಿನಿ' ಬಂದದ್ದು 1978ರಲ್ಲಿ, ಅದರಲ್ಲಿ ಮೈಕೆಲ್ ಮತ್ತು ರ‍್ಯಾಂಡಿ ಸೇರಿ ಬರೆದ ಹಾಡು ಅಮೆರಿಕದ ಮೊದಲ ಹತ್ತರಲ್ಲಿ ಸೇರಿತು. ಆ ಎರಡು ಆಲ್ಬಮ್ಮುಗಳ ಕಾಲವನ್ನು ನಾನು ಕಲಿಕೆಯ ಕಾಲವೆಂದೇ ನೋಡುತ್ತೇನೆ.

ನಿಮಗೆ ಅನ್ವಯಿಸುವುದು ಇಷ್ಟು. 18 ತುಂಬದವರು ಮಾಡಿಕೊಂಡ ಕರಾರಿಗೆ 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬೆಲೆಯಿಲ್ಲ, ಆದರೆ ನಿಮ್ಮ ಪರವಾಗಿ ತಂದೆತಾಯಿ ಸಹಿ ಮಾಡಿದ್ದರೆ ಆ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ. ಬ್ಯಾಂಡಿನ ಹೆಸರನ್ನು ಮನರಂಜನಾ ಸೇವೆಗಳ 41ನೆಯ ವರ್ಗದಲ್ಲಿ, ನಾಲ್ವರ ಹೆಸರಿನಲ್ಲಿ, ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ. ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಧನದಲ್ಲಿ ಕಂಪನಿಯೊಂದಿಗೆ ಸಮಪಾಲು ಪಡೆಯುವ ಹಕ್ಕಿದೆ. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯಡಿ ಆ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗುವುದಿಲ್ಲ. ಯಾವ ಹಾಡಿನ ಯಾವ ಭಾಗ ಯಾರದು ಎಂದು, ನಿಮ್ಮ ಸ್ನೇಹ ಚೆನ್ನಾಗಿರುವ ಈ ದಿನಗಳಲ್ಲಿಯೇ, ಒಂದು ಹಾಳೆಯ ಮೇಲೆ ಬರೆದು ನಾಲ್ವರೂ ಸಹಿ ಹಾಕಿ ಇಟ್ಟುಕೊಳ್ಳಿ.

ಕಲಬುರಗಿಯ ವಿದ್ಯಾರ್ಥಿನಿ

ದಕ್ಷಿಣ ಕೊರಿಯಾದ ಗಾಯಕರ ಗುಂಪಾದ ಬಿಟಿಎಸ್‌ನ ಅಭಿಮಾನಿಯಾಗಿ ಒಂದೇ ಮಾತು ಸೇರಿಸುತ್ತೇನೆ. 2013ರಲ್ಲಿ ಅವರು ಆರಂಭಿಸಿದ್ದು ಶಾಲೆಯ ಬದುಕನ್ನು ಕುರಿತ ಹಾಡುಗಳಿಂದ. 2015ರಲ್ಲಿ ಯೌವನದ ತಳಮಳದ ಕಡೆಗೆ ಹೊರಳಿದರು, 2016ರ 'ವಿಂಗ್ಸ್' ಆಲ್ಬಮ್ಮಿನಲ್ಲಿ ಏಳು ಮಂದಿಗೂ ಒಂದೊಂದು ಒಂಟಿ ಹಾಡು ಕೊಟ್ಟರು. ಹಳೆಯ ಕೇಳುಗರಾದ ನಾವೂ ಅವರ ಜೊತೆಗೇ ಶಾಲೆ ಮುಗಿಸಿ ಕಾಲೇಜಿಗೆ ಬಂದವರಾದ್ದರಿಂದ ಬದಲಾವಣೆ ನಮಗೆ ನಮ್ಮದೇ ಎನಿಸಿತು. ಅಣ್ಣ, ನೀವು ನಾಲ್ವರೂ ಒಂದೊಂದು ಹಾಡು ಬರೆದು ನೋಡಬಾರದೇ? ಅಜ್ಜಿಯ ಹಾಡು ನಿಮ್ಮದಾದರೆ, ಉಳಿದ ಮೂವರ ಮನಸ್ಸಿನಲ್ಲಿ ಏನಿದೆಯೋ ನಮಗೂ ತಿಳಿಯಲಿ.

ಮತ್ತೆ ಮೈಸೂರಿನಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹುಬ್ಬಳ್ಳಿಯ ಅಣ್ಣನವರ ಪ್ರಶ್ನೆಯನ್ನು ಮೊದಲು ಎತ್ತಿಕೊಂಡೆವು. ವಾದ್ಯ ಮುಟ್ಟದೆ ಒಂದು ಸಂಜೆ ಶೆಡ್ಡಿನಲ್ಲಿ ಕೂತಾಗ, ನಮ್ಮ ಬೇಸ್ ವಾದಕನಿಗೆ ಹಳೆಯ ಹಾಡನ್ನು ಇನ್ನೆಂದೂ ನುಡಿಸುವ ಮನಸ್ಸಿಲ್ಲವೆಂಬುದು ತಿಳಿಯಿತು. ಡ್ರಮ್ಮರ್‌ಗೆ ಅದನ್ನು ಬಿಡುವುದೇ ಇಷ್ಟವಿಲ್ಲ. ಎರಡು ಗಂಟೆ ವಾದಿಸಿದರೂ ಒಮ್ಮತ ಬರಲಿಲ್ಲ. ಅದನ್ನು ಬದಲಿಸಿ ನೋಡೋಣ, ಆಮೇಲೆ ತೀರ್ಮಾನಿಸೋಣ ಎಂಬಷ್ಟಕ್ಕೆ ಒಪ್ಪಿದೆವು. ಹೆಸರಿನ ನೋಂದಣಿಗೆ ಅರ್ಜಿ ಸಿದ್ಧವಾಗುತ್ತಿದೆ, ವಕೀಲ ಅಮ್ಮನವರು ಹೇಳಿದ ಹಾಳೆಗೆ ನಾಲ್ವರೂ ಸಹಿ ಹಾಕಿದ್ದೇವೆ. ಕಪ್ಪು ಬಟ್ಟೆಯ ಯೋಚನೆಯನ್ನು ಕೈಬಿಟ್ಟಿದ್ದೇವೆ.

ಶಿವಮೊಗ್ಗದ ಮೇಡಂ ಹೇಳಿದಂತೆ ಪರೀಕ್ಷೆಯ ಹಾಡನ್ನು ಐದು ಮನೆಯಿಂದ ಎರಡೂವರೆ ಮನೆಗೆ ಇಳಿಸಿದೆ. ಅವರು ಎಚ್ಚರಿಸಿದಂತೆಯೇ ಚರಣದ ಮೊದಲ ಸಾಲು ಮಂದ್ರದಲ್ಲಿ ಮುಳುಗಿತು, ಅದನ್ನು ಮಧ್ಯಮದಿಂದ ಎತ್ತಿಕೊಳ್ಳುವಂತೆ ತಿದ್ದಿದ ಮೇಲೆ ನಿಂತಿತು. ಆಮೇಲೆ ಬೆಂಗಳೂರಿನ ಸರ್ ಹೇಳಿದ ಪರೀಕ್ಷೆಗೆ ಅದನ್ನು ಒಡ್ಡಿದೆವು. 128ರಿಂದ 92ಕ್ಕೆ ಇಳಿಸಿ, ಬರೀ ಗಿಟಾರಿನೊಂದಿಗೆ ಹಾಡಿದಾಗ, ಪುಸ್ತಕ, ಪ್ರಶ್ನೆಪತ್ರಿಕೆ, ಬೆಂಚು ಎಂದೆಲ್ಲ ಪ್ರಾಸಕ್ಕಾಗಿ ಕೂಡಿಸಿದ್ದ ನಾಲ್ಕು ಸಾಲುಗಳು ನಾಲಿಗೆಯ ಮೇಲೆ ನಿಲ್ಲಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಬಂದು, ಏನೂ ಮಾತಾಡದೆ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಹೋಗುತ್ತಾಳೆ ಎಂಬ ಒಂದು ಸಾಲು ಅದರಲ್ಲಿತ್ತು. ಇಷ್ಟು ವರ್ಷ ಅದು ಚಪ್ಪಾಳೆಯ ಅಡಿಯಲ್ಲಿ ಹೂತುಹೋಗಿತ್ತು, ಅದನ್ನು ಬರೆದದ್ದೇ ನನಗೆ ಮರೆತಿತ್ತು. ಅದರ ಮುಂದೆ ಎರಡು ಮಾತ್ರೆ ಖಾಲಿ ಬಿಟ್ಟು ನೋಡಿದೆವು. ಬೇಸ್ ವಾದಕನೇ ಇನ್ನೊಮ್ಮೆ ಹಾಡೋಣ ಎಂದ.

ಬರುವ ತಿಂಗಳು ಮಂಡ್ಯದ ಒಂದು ಕಾಲೇಜಿನಲ್ಲಿ ಕಾರ್ಯಕ್ರಮವಿದೆ. ಡಲ್ಲಾಸ್‌ನ ಅಕ್ಕ ಹೇಳಿದ ಕ್ರಮದಲ್ಲಿ, ಹಳೆಯ ಹಾಡನ್ನು ಈ ಹೊಸ ರೂಪದಲ್ಲಿ ಮೂರನೆಯದಾಗಿ ಇಟ್ಟು, ಅದರ ಕೊನೆಯ ಗಿಟಾರ್ ಸ್ವರ ಆರುವ ಮೊದಲೇ ಅಜ್ಜಿಯ ಹಾಡನ್ನು ಅದೇ ಶ್ರುತಿಯಲ್ಲಿ ಶುರುಮಾಡಬೇಕೆಂದಿದ್ದೇವೆ. ಪ್ರಾಸದ ನಾಲ್ಕು ಸಾಲುಗಳಲ್ಲಿ ಮೂರನ್ನು ಬದಲಿಸಿಯಾಗಿದೆ, ನಾಲ್ಕನೆಯದು ಇನ್ನೂ ಸಿಕ್ಕಿಲ್ಲ.